ಬಲಭುಜದ ನೆರಿಗೆ

ಆ ಹಿಂದಿ ಸಿನಿಮಾದಲ್ಲಿ ಗಂಡ ಸತ್ತಿರುತ್ತಾನೆ, ಹೆಂಡತಿಗೆ ಗೊತ್ತಿರುವುದಿಲ್ಲ. ಅವನದೇ ಮುಖದ ಇನ್ನೊಬ್ಬ ಬಂದು, ಅಪಘಾತದಲ್ಲಿ ನೆನಪು ಹೋಯಿತೆಂದು ನಂಬಿಸಿ, ಅವಳ ಜೊತೆ ಸಂಸಾರ ಹೂಡುತ್ತಾನೆ. ಮೊದಲು ಬರೆದಿದ್ದ ಪ್ರಕಾರ, ಕೊನೆಗೆ ಒಂದು ಪತ್ರ ಸಿಕ್ಕಿ ಅವನ ಬಣ್ಣ ಬಯಲಾಗುತ್ತದೆ. ಎರಡೂ ಪಾತ್ರ ಒಬ್ಬನೇ ನಟನದು. ಅವನ ಅಂಗಿಗಳನ್ನು ಹೊಲಿಯುವ ಕೆಲಸ ನಮ್ಮ ಅಂಗಡಿಗೆ ಬಂತು.

ನಮ್ಮಲ್ಲಿ ಬಟ್ಟೆ ಕತ್ತರಿಸುವವರು ಮಾಸ್ಟರ್ ಒಬ್ಬರೇ. ನಾನು ಗುಂಡಿ ಹಚ್ಚುತ್ತಿದ್ದೆ, ನಮ್ಮತ್ತಿಗೆ ಅಂಚು ಮಡಿಚಿ ಹೊಲಿಯುತ್ತಿದ್ದಳು. ಮಾಸ್ಟರ ಮಣಿಕಟ್ಟು ಉಳುಕಿದ್ದರಿಂದ ಅತ್ತಿಗೆಗೆ ಕತ್ತರಿ ಸಿಕ್ಕಿತು. ಅದೂ ಷರತ್ತಿನ ಮೇಲೆ: ಒಂದೇ ಒಂದು ಅಂಗಿ ವಾಪಸ್ ಬಂದರೂ ಮತ್ತೆ ಅಂಚಿನ ಕೆಲಸ, ಆಮೇಲೆ ಕತ್ತರಿಯ ಸುದ್ದಿ ಎತ್ತುವಂತಿಲ್ಲ. ಹದಿನಾರು ವರ್ಷ ಕಾದಿದ್ದವಳು ತಲೆಯಾಡಿಸಿದಳು.

ಕತೆಯ ಗಂಡ ಫೋಟೋಗ್ರಾಫರ್. ಕ್ಯಾಮೆರಾ ಚೀಲ ಯಾವ ಹೆಗಲಿಗೆ ಎಂದು ಅತ್ತಿಗೆ ಕೇಳಿದಳು. ಸಿನಿಮಾದವರು ಬಲಕ್ಕೆ ಎಂದರು. ಹನ್ನೆರಡು ವರ್ಷ ಭಾರ ಹೊತ್ತವನ ಭುಜ ಇಳಿದೇ ಇರುತ್ತದೆಂದು, ಗಂಡನ ಅಂಗಿಗಳ ಬಲಭುಜವನ್ನೆಲ್ಲ ಒಂದು ಬೆರಳಿನಷ್ಟು ಇಳಿಸಿ ಕತ್ತರಿಸಿದಳು. ಮೊದಲ ವಾರ ನಟ ಗಂಡನಾಗಿ ಚೀಲ ಹೊತ್ತು, ಭುಜ ಇಳಿಬಿಟ್ಟು ನಟಿಸಿದ. ಅಂಗಿ ಮೈಗೆ ಅಂಟಿದ ಹಾಗೆ ಕೂತಿತ್ತು.

ಎರಡನೇ ವಾರ ಮೋಸಗಾರ ಬೀರು ತೆಗೆದು ಗಂಡನ ಹಳೇ ಅಂಗಿ ತೊಡುವ ದೃಶ್ಯ. ಉಡುಪು ನೋಡಿಕೊಳ್ಳಲು ನಾವು ಮೂವರೂ ಸೆಟ್ಟಿನಲ್ಲಿದ್ದೆವು. ನಟ ನೆಟ್ಟಗೆ ನಿಂತ. ದೀಪ ಬಿದ್ದದ್ದೇ ತಡ, ಕಾಲರ್ ಪಕ್ಕ ಬಟ್ಟೆ ಉಬ್ಬಿ, ಭುಜದ ತುದಿಯವರೆಗೆ ಓರೆಯಾಗಿ ಒಂದು ನೆರಿಗೆ ಎದ್ದಿತು. ನಿರ್ದೇಶಕರು ಕ್ಯಾಮೆರಾ ನಿಲ್ಲಿಸಿ, ಇದನ್ನು ಹೊಲಿದವರು ಯಾರು ಎಂದರು. ಮಾಸ್ಟರ್ ಮುಂದೆ ಹೋಗಿ, ಹೆಂಗಸಿನ ಕೈ, ನಾಳೆಯೇ ಬೇರೆ ಕೊಡುತ್ತೇನೆ ಎಂದು ಕೈಮುಗಿದರು.

ಅತ್ತಿಗೆ ಕೊರಳಲ್ಲಿ ಟೇಪು ಹಾಕಿಕೊಂಡೇ ದೀಪದ ಕೆಳಗೆ ಹೋಗಿ ನಿಂತಳು.

"ಅಂಗಿ ಸರಿ ಇದೆ ಸರ್. ಹಾಕ್ಕೊಂಡಿರೋನು ಸರಿ ಇಲ್ಲ."

ಅದು ಗಂಡನ ಭುಜಕ್ಕೆ ಕತ್ತರಿಸಿದ್ದು, ಇವನು ಗಂಡ ಅಲ್ಲವಲ್ಲ ಎಂದು ಬೆರಳಿಟ್ಟು ತೋರಿಸಿದಳು. ಮುಖ ಒಂದೇ ಇರಬಹುದು, ಭುಜ ಒಂದೇ ಇರುವುದಿಲ್ಲ ಎಂದಳು. ನಿರ್ದೇಶಕರು ನೆರಿಗೆಯನ್ನೇ ನೋಡುತ್ತ ನಿಂತರು.

"ಹಾಗಾದ್ರೆ ಅಂಗಿ ಒಗೆದು ಇಸ್ತ್ರಿ ಮಾಡೋ ಹೆಂಡತಿಗೆ ಇವತ್ತೇ ಗೊತ್ತಾಗಿಬಿಡುತ್ತಲ್ಲಮ್ಮ? ನನ್ನ ಸಿನಿಮಾ ಅರ್ಧಕ್ಕೇ ಮುಗೀತು."

"ಯಾಕೆ ಮುಗಿಯುತ್ತೆ? ಗೊತ್ತಾಗಿದ್ದನ್ನೆಲ್ಲ ಹೆಂಡತಿ ಅವತ್ತೇ ಹೇಳಿಬಿಡ್ತಾಳಾ?"

ಮೊದಲು ನಕ್ಕವಳು ನಾಯಕಿ. ಮತ್ತೇನು ಮಾಡುತ್ತಾಳೆ ಎಂದು ನಿರ್ದೇಶಕರು ಕೇಳಿದರು.

"ಭುಜ ಬಿಚ್ಚಿ, ಇವನ ಅಳತೆಗೆ ಹೊಲಿದು ಕೊಡ್ತಾಳೆ. ನಗ್ತಾನೇ ಕೊಡ್ತಾಳೆ. ಅಲ್ಲೀವರೆಗೆ ಮೋಸ ಅವನದ್ದು ಸರ್, ಅಲ್ಲಿಂದ ಇವಳದ್ದು."

ನಿರ್ದೇಶಕರು ಉಡುಪಿನ ಟ್ರಂಕಿನ ಮೇಲೆ ಕೂತು ಅರ್ಧ ಗಂಟೆ ಕತೆಯ ಹಾಳೆಗಳಲ್ಲಿ ಗೀಟು ಹೊಡೆದರು. ಎದ್ದಾಗ ಪತ್ರದ ದೃಶ್ಯ ರದ್ದಾಗಿತ್ತು, ನೆರಿಗೆ ಉಳಿದಿತ್ತು. ನಾಯಕಿ ಸೂಜಿಯನ್ನು ಚೇಳಿನ ಹಾಗೆ ಹಿಡಿಯುತ್ತಿದ್ದುದರಿಂದ, ಭುಜ ಬಿಚ್ಚಿ ಹೊಲಿಯುವ ಕೈಗಳು ಮಾತ್ರ ಅತ್ತಿಗೆಯವು. ತೆರೆಯ ಮೇಲೆ ಗೋಡೆಯಷ್ಟು ಅಗಲ. ನಾನು ನಾಲ್ಕು ಸಲ ನೋಡಿದ್ದೇನೆ. ನಾಲ್ಕು ಸಲವೂ ಪಕ್ಕದ ಸೀಟಿನವರಿಗೆ, ಅವರು ಕೇಳದಿದ್ದರೂ, ಅದು ನಮ್ಮತ್ತಿಗೆಯ ಕೈ ಎಂದು ಹೇಳಿದ್ದೇನೆ.

ಅದು ಆಮೇಲಿನ ಮಾತು. ಅವತ್ತಿನಿಂದ ಹತ್ತು ದಿನಕ್ಕೆ ಮಾಸ್ಟರ ಕೈ ವಾಸಿಯಾಯಿತು. ಅತ್ತಿಗೆ ಕತ್ತರಿಯನ್ನು ಒರೆಸಿ, ಅವರ ಮೇಜಿನ ಮೇಲಿಟ್ಟು, ತನ್ನ ಅಂಚಿನ ಬಟ್ಟೆಗಳತ್ತ ತಿರುಗಿದಳು. ಮಾಸ್ಟರ್ ಅದನ್ನು ಅವಳ ಕಡೆಗೇ ತಳ್ಳಿದರು.

"ಇಟ್ಕೊಳ್ಳಮ್ಮ. ಅಂಗಿ ಇನ್ಮೇಲೆ ನೀನೇ ಕತ್ತರಿಸು. ಪ್ಯಾಂಟು ಮಾತ್ರ ನಂದು."

ಅತ್ತಿಗೆ ಕತ್ತರಿ ಎತ್ತಿಕೊಂಡಳು. ಪ್ಯಾಂಟಿನ ವಿಷಯ ಮುಂದಿನ ವರ್ಷ ಮಾತಾಡೋಣ ಎಂದಳು.