ಕೆಂಪಸಿದ್ದಯ್ಯನ ಕಿವಿ

ಡ್ರೈವರ್ ಶಿವಣ್ಣ ಎಂಜಿನ್ನಿನ ವೇಗ ತಗ್ಗಿಸಲೆಂದು ಕಾರ್ಬುರೇಟರಿನ ಸ್ಕ್ರೂವನ್ನು ಕೊನೆಯ ಸುತ್ತಿನವರೆಗೂ ಬಿಚ್ಚಿದ. ಅಂಬಾಸಡರ್ ಕಾರಿನ ಆರ್ಭಟ ಎಳ್ಳಷ್ಟೂ ತಗ್ಗಲಿಲ್ಲ. ಕಣ್ಣಿಗೆ ಕಾಣದ ಪಾದವೊಂದು ಒಳಗೆ ಕುಳಿತು ತುಳಿಯುತ್ತಿರುವಂತೆ ಎಂಜಿನ್ನು ನಿಂತಲ್ಲೇ ಮೊರೆಯುತ್ತಿತ್ತು.

“ಇದರ ಮನೆ ಆಳಾಗ! ಕ್ಲಚ್ಚು ಬುಟ್ಟೇಟ್ಗೆ ತಮಟೆಯೋರ ಮ್ಯಾಲೇ ನುಗ್ತದೆ ಕಣ್ಲಾ.”

“ಎತ್ತಿನ ಗಾಡಿ ಕಟ್ಟುಸ್ಲಾ?” ಎಂದ ಪಕ್ಕದಲ್ಲಿ ನಿಂತಿದ್ದ ಸಿದ್ದರಾಜು.

“ಗಾಡೀಲಿ ಕಿರುಗಾವಲು ದಾಟೋಷ್ಟ್ರಲ್ಲಿ ಒತ್ತು ಮುಳುಗ್ತದೆ. ಇದ ರಿಪೇರಿ ಮಾಡೋನು ಮಳವಳ್ಳೀಲಿ ಒಬ್ನೇ ಇದ್ದ. ಅವ್ನೇ ಅಲ್ಲಿ ಮನುಗವ್ನೆ.”

ತನ್ನ ಶೆಡ್ಡಿನ ಮುಂದಿನ ಹೊಂಗೆಯ ನೆರಳಲ್ಲಿ, ಮಂಚದ ಮೇಲೆ, ಕೆಂಪಸಿದ್ದಯ್ಯ ಮಲಗಿದ್ದ. ಹೂವು ಒಂದೊಂದಾಗಿ ಬಿಳಿಯ ಬಟ್ಟೆಯ ಮೇಲೆ ಉದುರುತ್ತಿತ್ತು. ಕಿರುಗಾವಲಿನಾಚೆಯ ಹೊಲದಲ್ಲಿ, ತಾಯಿಯ ಮಗ್ಗುಲಿಗೆ, ಹೊತ್ತಿರುವಾಗಲೇ ತನ್ನನ್ನು ಇಡಬೇಕೆಂಬುದೊಂದೇ ಅವನ ಕೋರಿಕೆ. ಪೇಟೆ ದಾಟುವವರೆಗೆ ಹೆಣದ ಗಾಡಿ ತಮಟೆಯ ಹಿಂದೆ ಹೆಜ್ಜೆ ಹೆಜ್ಜೆಗೆ ಸಾಗಬೇಕು. ಅದು ಪದ್ಧತಿ.

ತಲೆದೆಸೆಯಲ್ಲಿ ಕುಳಿತಿದ್ದ ಅವನ ಹೆಂಡತಿ ಮುದ್ದಮ್ಮ ಕಣ್ಣು ಮುಚ್ಚಿದಳು. ಆ ಮೊರೆತದ ಅಡಿಯಲ್ಲಿ, ಶಂಖದೊಳಗೆ ಸುಳಿಯುವ ಉಸಿರಿನಂಥ ಸಣ್ಣದೊಂದು ಸುಯ್ಲು ಅವಳಿಗೆ ಕೇಳಿಸಿತು.

*

ಎಂಟು ವರ್ಷಗಳ ಹಿಂದೆಯೇ ಕೆಂಪಸಿದ್ದಯ್ಯನ ಕಿವಿ ಪೂರ್ಣವಾಗಿ ಸೋತಿತ್ತು. “ಕಿವುಡ ಮೆಕ್ಯಾನಿಕ್ಕು ಅಂದ್ರೆ ಯಾರು ಬತ್ತಾರೆ ಮುದ್ದೀ? ಊರ್ಗೆ ಗೊತ್ತಾಗ್ಬಾರ್ದು,” ಎಂದಿದ್ದ.

ಅಂದಿನಿಂದ ಅವಳು ನೀರಿನ ಚೊಂಬಿನ ನೆವದಲ್ಲಿ ಅವನ ಎಡಕ್ಕೆ ನಿಲ್ಲುತ್ತಿದ್ದಳು. ಅವನು ತೆರೆದ ಬಾನೆಟ್ಟಿನ ಮೇಲೆ ಬಾಗಿ ಕಣ್ಣು ಮುಚ್ಚಿದರೆ, ನೆರೆದವರು ಗರ್ಭಗುಡಿಯ ಬಾಗಿಲಲ್ಲಿ ನಿಂತವರಂತೆ ಮಾತು ನಿಲ್ಲಿಸುತ್ತಿದ್ದರು. ಅವನು ಎಂಜಿನ್ನಿನ ಜೋಡಣೆಯ ಅಂಚಿಗೆ ಹನಿ ಹನಿ ನೀರು ಬಿಡುತ್ತಿದ್ದ. ಗಾಳಿ ಸೋರುವ ಕಡೆ ಹನಿ ಬಿದ್ದರೆ ಸದ್ದು ಅರೆಕ್ಷಣ ಇಳಿಯುತ್ತಿತ್ತು. ಅವಳು ಸೆರಗಿನ ಮರೆಯಲ್ಲಿ ಅವನ ಮೊಣಕೈ ಒತ್ತುತ್ತಿದ್ದಳು. ಒಮ್ಮೆ ಒತ್ತಿದರೆ, ಸದ್ದು ಇನ್ನೂ ಇಳಿದಿಲ್ಲ. ಎರಡು ಸಲ ಒತ್ತಿದರೆ, ಸರಿಹೋಯಿತು.

*

ಅವಳು ಎದ್ದಳು.

“ಕೂತ್ಕೊ ಕಣಮ್ಮ! ಹೆಣ ಎತ್ತೋಗಂಟ ಎಂಡ್ತಿ ಏಳಬಾರ್ದು,” ಎಂದು ಮುದುಕಿ ಪಟ್ಟಲಮ್ಮ ಗದರಿದಳು.

“ಎತ್ತಬೇಕು ಅಂತ್ಲೇ ಎದ್ದೆ ಕಣತ್ತೆ.”

ಕಾರಿನ ಒಡೆಯ ವೆಂಕಟೇಶಮೂರ್ತಿ ಮೇಷ್ಟ್ರು ಗೆಳೆಯನ ಬಾಯಿಗೆ ಬಿಡಲೆಂದು ಕಾವೇರಿಯ ನೀರು ತಂದಿದ್ದರು. ಅವರು ಬಿಟ್ಟು ಉಳಿದಿದ್ದ ನೀರನ್ನು ಅವರು ಬಳಸಿದ್ದ ಉದ್ಧರಣೆಯಲ್ಲೇ ತೆಗೆದುಕೊಂಡು ಮುದ್ದಮ್ಮ ಬಾನೆಟ್ಟಿನ ಬಳಿ ಬಂದಳು.

“ಎಂಗಸ್ರು ಯಾಕಕ್ಕ ಇದಕ್ಕೆ ಕೈ ಇಕ್ಕೀರಿ?” ಎಂದ ಶಿವಣ್ಣ.

ಅವಳು ಎಂಜಿನ್ನಿನ ಮೇಲೆ ಬಾಗಿದಳು. ಕಾರ್ಬುರೇಟರು ಎಂಜಿನ್ನಿಗೆ ಕೂಡುವ ಅಂಚಿನ ಸುತ್ತ ನೀರು ಬಿಡುತ್ತ ಹೋದಳು. ಒಳಮಗ್ಗುಲಿನಲ್ಲಿ ಒಂದು ಹನಿ ಇಂಗಿತು. ಅರೆಕ್ಷಣ ಎಂಜಿನ್ನಿನ ದನಿ ಇಳಿದು ಮತ್ತೆ ಏರಿತು.

“ಇಲ್ಲಿ ಗಾಳಿ ಎಳೀತಾ ಅದೆ. ನಡುವಿನ ರಟ್ಟು ಅರ್ದೋಗದೆ. ಸ್ಕ್ರೂ ಎಷ್ಟು ತಿರುವುದ್ರೂ ಅಷ್ಟೆಯ.”

ತಮಟೆಯವರೂ ಕೈ ತಡೆದರು.

“ಮುದ್ದಮ್ಮ, ಇದು ನಿಮಗೆ ಹೇಗೆ ತಿಳಿಯಿತು?” ಎಂದರು ಮೇಷ್ಟ್ರು.

ಎಂಟು ವರ್ಷಗಳು ಅವಳ ನಾಲಿಗೆಯ ತುದಿಗೆ ಬಂದು ನಿಂತವು. ಅವಳು ಮಂಚದ ಕಡೆ ನೋಡಿದಳು.

“ಅವ್ರು ಮಾಡೋದ ನೋಡಿದ್ದೆ, ಸ್ವಾಮಿ.”

“ಆಹಾ! ಎಂಥ ಕಿವಿ ಅವನದು!” ಮೇಷ್ಟ್ರ ಕಣ್ಣು ತುಂಬಿತು.

“ಊಂ, ಅಂಥಾ ಕಿವಿ,” ಎಂದಳು ಮುದ್ದಮ್ಮ.

ಕೆಂಪಸಿದ್ದಯ್ಯನೇ ಕತ್ತರಿಸಿಟ್ಟಿದ್ದ ರಟ್ಟೊಂದು ಅವನ ಪೆಟ್ಟಿಗೆಯಲ್ಲಿ ಸಿಕ್ಕಿತು. ಶಿವಣ್ಣ ಎಂಜಿನ್ನು ನಿಲ್ಲಿಸಿ, ನಟ್ಟು ಬಿಚ್ಚಿ, ಅದನ್ನು ಕೂರಿಸಿ ಬಿಗಿದ.

“ನೀ ಬಿಚ್ಚಿರೋ ಸ್ಕ್ರೂನ ವಾಪಸ್ ತಿರುವು. ಇನ್ನೂ ಒಸಿ. ಸಾಕು,” ಎಂದಳು ಮುದ್ದಮ್ಮ.

ಕಾರು ಚಾಲೂ ಆಯಿತು. ಹೊಟ್ಟೆ ತುಂಬಿದ ಹಸುವಿನ ಮೆಲುಕಿನಂತೆ ಎಂಜಿನ್ನು ತನ್ನಷ್ಟಕ್ಕೆ ತಾನು ಆಡತೊಡಗಿತು.

ಹಿಂದಿನ ಸೀಟಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುದ್ದಮ್ಮ ಕುಳಿತಳು. ತಮಟೆ ಮುಂದೆ, ಕಾರು ಹಿಂದೆ. ಪೇಟೆಯ ಅಂಗಡಿಗಳು ನೀರಿನೊಳಗಿನ ನೆಳಲಿನಂತೆ ನಿಧಾನವಾಗಿ ಸರಿದುಹೋದವು. ಇಳಿಬಿಸಿಲು ಇನ್ನೂ ಉಳಿದಿತ್ತು. ಅವಳು ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. ಆಮೇಲೆ ಬಿಳಿಯ ಬಟ್ಟೆಯ ಅಡಿಗೆ ಕೈ ತೂರಿಸಿ, ಅವನ ತಣ್ಣನೆಯ ಮೊಣಕೈಯನ್ನು ಹುಡುಕಿ, ಎರಡು ಸಲ ಒತ್ತಿದಳು.