ಒಂಟಿ ತಂತಿ

ಮೂರನೆಯ ತಂತಿಯನ್ನೂ ಬಿಚ್ಚಿ ಸುರುಳಿ ಸುತ್ತಿ ಮೇಜಿನ ಮೇಲಿಟ್ಟು, ಅವಳು ನಾಲ್ಕನೆಯದನ್ನು ಸಡಿಲಿಸುತ್ತಿದ್ದಳು. ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿಗೆ ಜೋಡಿ ಜೋಡಿಯಾಗಿ ಎಂಟು ತಂತಿ. ಪ್ರತಿ ಜೋಡಿಯಿಂದಲೂ ಒಂದನ್ನು ತೆಗೆಯುತ್ತಿದ್ದಳು, ಯಾರನ್ನೂ ಕೇಳದೆ.

ಬಾಗಿಲಲ್ಲಿ ಭಾವ ನಿಂತಿದ್ದರು. ವಾದ್ಯದ ಅಂಗಡಿ ಅವರದು. ಮುಂದಿನ ಕೋಣೆಯಲ್ಲಿ ಗಿರಾಕಿಗಳ ಜೊತೆ ಮಾತೂ ಅವರದೇ. ಹಿಂದಿನ ಕೋಣೆಯಲ್ಲಿ ಮರ ಉಜ್ಜುವುದು, ಸದ್ದು ಹಿಡಿಯುವ ಸುರುಳಿಗೆ ತಾಮ್ರದ ಎಳೆ ಸುತ್ತುವುದು ಹನ್ನೊಂದು ವರ್ಷದಿಂದ ಅವಳದು. ಅಂಗಡಿ ಮುಚ್ಚಿದ ಮೇಲೆ, ಯಾರಿಗೂ ಕೇಳದ ಹಾಗೆ, ಒಂದಿಷ್ಟು ನುಡಿಸುವುದೂ.

"ಏನಮ್ಮಾ ಇದು? ಮೇಷ್ಟ್ರು ಇನ್ನೇನು ಬಂದ್ಬಿಡ್ತಾರೆ. ಮಿಕ್ಕ ನಾಲ್ಕೆಲ್ಲಿ ಅಂತ ಕೇಳಿದ್ರೆ ಇಲಿ ತಿಂತು ಅನ್ಲಾ?"

"ಜೋಡೀನ ಎಳೆದ್ರೆ ಒಂದು ಏರುತ್ತೆ, ಇನ್ನೊಂದು ಹಿಂದೆ ಬೀಳುತ್ತೆ ಭಾವ. ಗಮಕ ಒಡೆದುಹೋಗುತ್ತೆ. ಒಂಟಿ ಆದ್ರೆ ಹೇಳಿದ ಮಾತು ಕೇಳುತ್ತೆ."

"ಮತ್ತೆ ಸದ್ದು?"

"ಸದ್ದಿಗೆ ಕರೆಂಟಿದೆಯಲ್ಲ."

"ನಾನಂತೂ ಬೇಡ ಅಂತೀನಿ. ಅವರೂ ಬೇಡ ಅಂದ್ರೆ ಇವತ್ತಿಗೆ ಮುಗೀತು. ಆಮೇಲೆ ನೀನುಂಟು, ಮರ ಉಜ್ಜೋದುಂಟು. ತಂತಿ ತಂಟೆಗೆ ಬರಬಾರದು."

ಅವಳು ಕೈ ನಿಲ್ಲಿಸಲಿಲ್ಲ. ನಾಲ್ಕನೆಯ ಸುರುಳಿಯೂ ಮೇಜಿಗೆ ಬಂತು.

ಮೇಷ್ಟ್ರು ಬೆಳಿಗ್ಗೆ ಶಾಸ್ತ್ರೀಯ ಸಂಗೀತ ಕಲಿಸುವವರು, ಸಂಜೆ ಹೋಟೆಲಿನ ಬ್ಯಾಂಡಿನಲ್ಲಿ ಕುಣಿತದ ಹಾಡು ನುಡಿಸುವವರು. ಎರಡಕ್ಕೂ ಎರಡು ವಾದ್ಯ ಹೊತ್ತು ಹೆಗಲು ಸೋತಿತ್ತು. ಒಂದರಲ್ಲೇ ಎಲ್ಲ ಆಗಬೇಕೆಂದು ಹೇಳಿಹೋಗಿದ್ದರು. ಬಂದವರು ನಾಲ್ಕು ತಂತಿ ನೋಡಿ ಹುಬ್ಬೇರಿಸಿದರು. ಭಾವ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿಯಾಗಿತ್ತು.

ಮೊದಲು ಒಂದೇ ಸ್ವರ. ಅದನ್ನು ಎಳೆದರು. ಸ್ವರ ಬಾಗಿತು, ಏರಿತು, ಮುಂದಿನದರ ಮೇಲೆ ಇಳಿದು ಅಳುಕದೆ ನಿಂತಿತು. ಮೇಷ್ಟ್ರು ಕಣ್ಣು ಮುಚ್ಚಿದರು. ರಾಗ ಮುಗಿಯುವ ಮುನ್ನವೇ ಪಾದ ತಾಳ ಬದಲಿಸಿತು, ಅದೇ ತಂತಿಗಳಿಂದ ಕುಣಿತದ ಹಾಡು ಚಿಮ್ಮಿತು. ಗುಂಡಿ ತಿರುಗಿಸಿದರು, ವಾದ್ಯ ರಾಕ್ ಗಿಟಾರಿನಂತೆ ಗುರುಗುಟ್ಟಿತು. ಎದುರಂಗಡಿಯ ದರ್ಜಿ ಅಳತೆ ಪಟ್ಟಿ ಕೊರಳಲ್ಲೇ ಇಟ್ಟುಕೊಂಡು ಓಡಿಬಂದ. ಹಿಂದಿನ ಕೋಣೆಯಿಂದ ಅವಳು ಯಾವಾಗ ಹೊರಗೆ ಬಂದಳೋ ಅವಳಿಗೇ ತಿಳಿಯಲಿಲ್ಲ.

"ಯಾರ ಕೈಯಿದು?" ಎಂದರು ಮೇಷ್ಟ್ರು.

"ನನ್ನ ತಮ್ಮನ ಹೆಂಡ್ತಿ," ಎಂದರು ಭಾವ. "ನಾನು ಬೇಡ ಅಂದಿದ್ದೆ."

"ನಿಮ್ಮ ಮಾತು ಕೇಳಲಿಲ್ಲವಲ್ಲ, ನನ್ನ ಪುಣ್ಯ. ಇಷ್ಟು ದಿನ ಎಲ್ಲಿದ್ರಿ ತಾಯಿ?"

"ಹಿಂದಿನ ಕೋಣೇಲಿ."

ಮೇಷ್ಟ್ರು ಗಹಗಹಿಸಿ ನಕ್ಕರು. "ಇನ್ನೂ ಕೆಳಗಿನ ಸ್ವರಕ್ಕೆ ಇಳಿಯೋಣ ಅಂದ್ರೆ ಮಾತ್ರ ಆಗಲ್ಲ. ಅದು ಮ್ಯಾಂಡೊಲಿನ್ನಿನ ಹಣೆಬರಹ, ಬಿಡಿ."

ಅವರು ಹೋದ ಮೇಲೆ ಭಾವ ಮುಂದಿನ ಕೋಣೆಯಲ್ಲೇ ಅವಳಿಗೊಂದು ಕುರ್ಚಿ ಎಳೆದು ಹಾಕಿದರು. ಕೂತಳು.

ಹಣೆಬರಹವಂತೆ. ಕುತ್ತಿಗೆಯನ್ನು ಅರ್ಧ ಬೆರಳು ಅಗಲ ಮಾಡಿದರೆ ಕೆಳಗಿನ ಸ್ವರಕ್ಕೆ ಐದನೆಯ ತಂತಿಗೆ ಜಾಗವಾಗುತ್ತದೆ. ನಾಳೆಯೇ ಮರ ಕೊಯ್ಯಬೇಕು. ಅದು ಯಾರ ಆರ್ಡರೂ ಅಲ್ಲ. ಅದನ್ನು ನುಡಿಸುವವಳು ತಾನೇ.