ಹಿಂಬಾಗಿಲ ದಾರಿ

ಆ ಊರಿನ ಕಾಡಿಗೆ ಒಂದು ಚೂರೂ ತಾಳ್ಮೆ ಇರಲಿಲ್ಲ. ಬೆಳಿಗ್ಗೆ ಬಿದ್ದ ಬೀಜ ಸಂಜೆಗೆ ಗೇಣುದ್ದದ ಗಿಡ, ಮೂರು ದಿನಕ್ಕೆ ಆಳೆತ್ತರ. ಒಂಬತ್ತನೇ ದಿನ ಕಳೆಯಿತೋ, ಕಾಂಡಕ್ಕೆ ಕಾಂಡ ಬೆಸೆದು ಗೋಡೆಯೇ ಆಗಿಬಿಡುತ್ತಿತ್ತು, ಆಮೇಲೆ ಯಾವ ಕೊಡಲಿಯೂ ಇಳಿಯದು. ಆದರೆ ದಿನಕ್ಕೊಮ್ಮೆ ಮನುಷ್ಯರ ಕಾಲು ಬಿದ್ದ ಕಡೆ ಒಂದು ಹುಲ್ಲುಕಡ್ಡಿಯೂ ತಲೆಯೆತ್ತುತ್ತಿರಲಿಲ್ಲ. ಹಾಗಾಗಿ ಅಲ್ಲಿ ದಾರಿ ಎಂದರೆ ಯಾರೋ ದಿನಾ ನಡೆಯುವ ಜಾಗ, ಅಷ್ಟೇ.

ದರ್ಜಿಯ ಹಿಂಬಾಗಿಲಿನಿಂದ ಅವಳ ಅಕ್ಕನ ಬೇಕರಿಗೆ ಅಂಥದ್ದೊಂದು ದಾರಿಯಿತ್ತು. ಅರ್ಧ ಗಂಟೆಯ ನಡಿಗೆ. ಬೆಳಿಗ್ಗೆ ಅಕ್ಕ ಬಿಸಿ ಬ್ರೆಡ್ಡು ಹಿಡಿದು ಬರುವಳು, ತಂಗಿ ಹರಟುತ್ತ ಅವಳನ್ನು ವಾಪಸ್ಸು ಬಿಟ್ಟು ಬರುವಳು. ಅಕ್ಕಪಕ್ಕ ನಡೆದು ನಡೆದು ದಾರಿ ಇಬ್ಬರ ಅಗಲಕ್ಕೆ ಬಂದಿತ್ತು. ಅದು ಮುಚ್ಚಿಹೋದರೆ ಕಾಡು ಸುತ್ತಿಕೊಂಡು ಗಾಡಿಯಲ್ಲಿ ಎರಡು ದಿನ. ಒಲೆ ಆರಿಸುವಂತಿಲ್ಲದ ಅಕ್ಕ, ಹೊಲಿಗೆಯಿಂದ ತಲೆಯೆತ್ತುವಂತಿಲ್ಲದ ತಂಗಿ, ವರ್ಷಕ್ಕೊಮ್ಮೆ ಮುಖ ನೋಡಿದರೆ ಪುಣ್ಯ. ಒಬ್ಬರಿಗೊಬ್ಬರು ಬಿಟ್ಟರೆ ಅವರಿಗೆ ಇನ್ಯಾರೂ ಇರಲಿಲ್ಲ.

ಜಗಳಕ್ಕೆ ಕಾರಣ ಒಂದು ಕತ್ತರಿ. ನಗಬೇಡಿ. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ಹಾಕಿದರೆ ಅದರ ಹರಿತ ಹೋದಂತೆಯೇ, ಯಾವ ದರ್ಜಿಯನ್ನು ಬೇಕಾದರೂ ಕೇಳಿ. ತೀರಿಹೋದ ಅಮ್ಮ ಜೀವಮಾನವೆಲ್ಲ ಹಿಡಿದಿದ್ದ ಕತ್ತರಿಯನ್ನು ಅಕ್ಕ ಮೇಜಿನಿಂದ ಎತ್ತಿಕೊಂಡು, ಬ್ರೆಡ್ಡು ಸುತ್ತುವ ಕಾಗದವನ್ನು ಕರಕರ ಕತ್ತರಿಸುತ್ತ ಕೂತಿದ್ದಳು. ಅದೂ ಹಾಡು ಗುನುಗುತ್ತ! ತಂಗಿಗೆ ಪಿತ್ತ ನೆತ್ತಿಗೇರಿತು. ಅಮ್ಮನ ಸಾಮಾನು ಮುಟ್ಟುವ ಯೋಗ್ಯತೆ ನಿನಗಿಲ್ಲ, ಇನ್ನು ನನ್ನ ಹೊಸಿಲು ತುಳಿಯಬೇಡ ಎಂದುಬಿಟ್ಟಳು. ಅಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ತಂಗಿ ನೂಲಿನ ಬೀರುವನ್ನು ಹಿಂಬಾಗಿಲಿಗೆ ಅಡ್ಡ ಜರುಗಿಸಿ, ಅಲ್ಲಿ ಬಾಗಿಲೇ ಇಲ್ಲವೆಂಬಂತೆ ಕೆಲಸಕ್ಕೆ ಕೂತಳು.

ಮೂರು ದಿನ ಕೋಪ ಚೆನ್ನಾಗಿಯೇ ನಡೆಯಿತು. ನಾಲ್ಕನೇ ದಿನ ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದಳು. ಬೇಕಿದ್ದರೆ ಅವಳೇ ಬರಲಿ ಎಂದುಕೊಂಡವಳಿಗೆ, ಬರಬೇಡ ಎಂದವಳು ತಾನೇ ಎಂಬುದು ಆರನೇ ದಿನ ನೆನಪಾಯಿತು. ಏಳನೇ ದಿನ ಬೀರುವಿನ ಮೇಲೆ ಕೈಯಿಟ್ಟು, ಸರಿಸದೆ ಕೈ ಹಿಂದಕ್ಕೆ ತೆಗೆದಳು. ಹಿಂದೆ ಎದ್ದು ನಿಂತಿರುವ ಮರಗಳನ್ನು ನೋಡುವುದಕ್ಕೆ ಅವಳಿಗೆ ಭಯವಾಗಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ದಾರಿ ಗುಮಾಸ್ತ ಬಂದ. ಯಾವ ದಾರಿ ಬದುಕಿದೆ, ಯಾವುದು ಸತ್ತಿದೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದು ಅವನ ಕೆಲಸ. ಇವಳು ಒಂಬತ್ತು ದಿನದಿಂದ ಹಿಂದಕ್ಕೆ ಕಾಲಿಟ್ಟಿಲ್ಲವೆಂದು ತಿಳಿದು ಪೆನ್ನಿನ ಮುಚ್ಚಳ ತೆಗೆದ.

"ಹಾಗಾದ್ರೆ ಇದನ್ನ ಹೊಡೆದು ಹಾಕ್ಲಾ ಅಮ್ಮಾ? ಇಲ್ಲೊಂದು ಸಹಿ ಹಾಕಿ."

ಪೆನ್ನು ತೆಗೆದುಕೊಂಡಳು. ಕೈ ಮಾತ್ರ ಓಡಲಿಲ್ಲ. ಕೋಪವೆಲ್ಲ ಎಲ್ಲಿಗೆ ಹೋಯಿತೋ, ಅಕ್ಕ ಬೇಕು ಎಂಬುದೊಂದೇ ಉಳಿದಿತ್ತು.

"ತಡೀರಿ. ಮೊದ್ಲು ಈ ಬೀರು ಸ್ವಲ್ಪ ಹಿಡ್ಕೊಳ್ಳಿ" ಎಂದಳು.

ಬೀರು ಎತ್ತುವುದು ತನ್ನ ಕೆಲಸವಲ್ಲ ಎಂದು ಗೊಣಗುತ್ತಲೇ ಗುಮಾಸ್ತ ಹಿಡಿದ. ಅವಳು ಸೌದೆ ಒಡೆಯುವ ಕೊಡಲಿ ತಂದು, ಹಲ್ಲು ಕಚ್ಚಿ ಬಾಗಿಲು ತೆಗೆದಳು.

ಎರಡೂ ಬದಿಗೆ ಮರಗಳು ಒತ್ತಿಕೊಂಡು ನಿಂತಿದ್ದವು. ಅವುಗಳ ನಡುವೆ, ಸರಿಯಾಗಿ ಒಬ್ಬರ ಅಗಲಕ್ಕೆ, ದಾರಿ ಇನ್ನೂ ಉಳಿದಿತ್ತು. ಮೆಟ್ಟಿಲ ಮೇಲೆ ಎಂಟು ಬ್ರೆಡ್ಡಿನ ಪೊಟ್ಟಣ ಸಾಲಾಗಿ ಕೂತಿದ್ದವು. ಹಳೆಯವನ್ನು ಹಕ್ಕಿಗಳು ಕುಕ್ಕಿದ್ದವು. ಅವಳು ಬಗ್ಗಿ ಒಂದನ್ನು ಎತ್ತಿಕೊಂಡಳು. ಸುತ್ತಿದ ಕಾಗದದ ಅಂಚು ಸೊಟ್ಟಸೊಟ್ಟಗಿತ್ತು. ಎಂಟಕ್ಕೆ ಎಂಟು ಕಾಗದವನ್ನೂ ಅಕ್ಕ ಕೈಯಲ್ಲೇ ಹರಿದು ಸುತ್ತಿದ್ದಳು. ಅವಳಿಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಒಂಬತ್ತನೆಯದನ್ನು ಕಂಕುಳಲ್ಲಿಟ್ಟುಕೊಂಡು, ನೋಯುವ ಮಂಡಿ ಹಿಡಿದು ಅಕ್ಕ ಬಂದಳು. ತೆರೆದ ಬಾಗಿಲು ನೋಡಿ ಮೆಟ್ಟಿಲ ಕೆಳಗೇ ನಿಂತಳು.

"ಬಾಗಿಲು ಯಾಕೆ ತಟ್ಟಲಿಲ್ಲ?" ತಂಗಿ ಕೇಳಿದಳು.

"ಹೊಸಿಲು ತುಳೀಬೇಡ ಅಂದಿದ್ಯಲ್ಲ. ಮೆಟ್ಟಿಲಿನ ವಿಷಯ ಏನೂ ಹೇಳಿರ್ಲಿಲ್ಲ." ಅಕ್ಕ ಉಸಿರು ಬಿಟ್ಟಳು. "ನಿನ್ನ ಕೋಪ ಇಳಿಯೋ ಹೊತ್ತಿಗೆ ದಾರಿನೇ ಇಲ್ಲದಿದ್ರೆ ಏನು ಮಾಡೋದು ಹೇಳು."

ತಂಗಿ ಕೆಳಗಿಳಿದು ಅವಳ ಕೈ ಹಿಡಿದು ಹೊಸಿಲು ದಾಟಿಸಿ, ತನ್ನ ಹೊಲಿಗೆಯ ಕುರ್ಚಿಯಲ್ಲಿ ಕೂರಿಸಿದಳು. ಹಾಗಾದರೆ ಈ ದಾರಿಯ ಅಗಲ ಎಷ್ಟೆಂದು ಬರೆಯಲಿ ಎಂದು ಗುಮಾಸ್ತ ಕೇಳಿದ. ಸಂಜೆಗೆ ಬಂದು ಬರೆದುಕೊಳ್ಳಿ ಎಂದಳು ತಂಗಿ. ಕಣ್ಣೊರೆಸಿಕೊಂಡು ಸೆರಗು ಬಿಗಿದಳು. ದಿನಾ ತಾನು ನಡೆಯುತ್ತಿದ್ದ ಎಡಬದಿಯ ಮೊದಲ ಮರಕ್ಕೆ ಕೊಡಲಿ ಎತ್ತಿದಳು. ಒಂಬತ್ತನೇ ದಿನ ಇನ್ನೂ ಮುಗಿದಿರಲಿಲ್ಲ.